ಪದಚರ್ಚೆ: ‘ಗುರ್ತ ಸಿಗುವುದು’, ‘ನೆನಪಾಗುವುದು’ – ಎರಡನ್ನು ಬೇರೆ ಮಾಡಿ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳು ಉಡುಪಿ ಹತ್ತಿರದ ಒಂದು ಶಾಲೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳ ತಂದೆತಾಯಿಗಳ ಮುಂದೆ ಅರ್ಧ ಗಂಟೆ ಮಾತಾಡಬೇಕು. ಓದಿದ್ದು ಪರೀಕ್ಷೆ ಹೊತ್ತಿಗೆ ಯಾಕೆ ಮರೆತುಹೋಗುತ್ತದೆ ಅನ್ನುವುದೇ ವಿಷಯ. ವಿಷಯ ಗೊತ್ತುಂಟು, ಪದ ಸಿಗುತ್ತಿಲ್ಲ. ಮನಶ್ಶಾಸ್ತ್ರದ ರಿಕಾಲ್ (ನೆನಪು ಮಾಡಿಕೊಳ್ಳುವುದು), ರೆಕಗ್ನಿಷನ್ (ಕಂಡು ಗುರ್ತ ಹಿಡಿಯುವುದು) ಅನ್ನುವ ಜೋಡಿಗೆ ಹಳೇ ನೋಟ್ಸ್‌ನಲ್ಲಿ ‘ಪುನಃಸ್ಮರಣೆ’, ‘ಪ್ರತ್ಯಭಿಜ್ಞೆ’ ಅಂತ ಬರೆದುಕೊಂಡಿದ್ದೇನೆ. ಎರಡನೆಯದನ್ನು ಮೈಕಿನ ಮುಂದೆ ಹೇಳಲು ನನಗೇ ಧೈರ್ಯವಿಲ್ಲ ಮಾರಾಯ್ರೆ.

ಕಳೆದ ವಾರ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಉಡುಪಿ ಬಸ್ಸು ಹತ್ತುತ್ತಿದ್ದೆ. ಮಗುವನ್ನು ಎತ್ತಿಕೊಂಡ ಒಬ್ಬಳು ಎದುರು ಬಂದು, “ಟೀಚರ್, ಗುರ್ತ ಸಿಕ್ಕಿತಾ?” ಅಂದಳು. ಸಿಕ್ಕಿತು. ಎರಡನೇ ಬೆಂಚು, ಕಿಟಕಿ ಬದಿ, ಎಡಗೈಯಲ್ಲಿ ಬರೆಯುತ್ತಿದ್ದವಳು. ಹೆಸರು ಮಾತ್ರ ಬರಲಿಲ್ಲ. ‘ಸ’ದಿಂದ ಶುರು, ಮೂರು ಅಕ್ಷರ, ಇಷ್ಟು ಖಚಿತ. “ನಿನ್ನನ್ನು ಮರೆಯುವುದುಂಟಾ?” ಅಂತ ಜಾರಿಕೊಂಡೆ. ಬಸ್ಸು ಮೂಲ್ಕಿ ದಾಟುವಾಗ, ಕಂಡಕ್ಟರ್ ಕೊಟ್ಟ ಚಿಲ್ಲರೆ ಎಣಿಸುತ್ತಿದ್ದೆ, ಆಗ ಹೆಸರು ತಾನಾಗಿ ಬಂದು ಕೂತಿತು. ನಾಲಗೆ ತುದಿಯಲ್ಲಿದ್ದೂ ಬಾರದ ಪದದ ಬಗ್ಗೆ ಬ್ರೌನ್ ಮತ್ತು ಮೆಕ್‌ನೀಲ್ ಎನ್ನುವ ಇಬ್ಬರು ಮನಶ್ಶಾಸ್ತ್ರದವರು 1966ರಲ್ಲೇ ಪರೀಕ್ಷೆ ಮಾಡಿ ನೋಡಿದ್ದರು. ಪದ ಬಾರದೆ ಒದ್ದಾಡುವವರೂ ಅದರ ಮೊದಲ ಅಕ್ಷರ, ಉದ್ದ ಎಷ್ಟು ಅನ್ನುವುದನ್ನು ಎಷ್ಟೋ ಸಲ ಸರಿಯಾಗಿಯೇ ಊಹಿಸುತ್ತಿದ್ದರು. ನನ್ನ ವಯಸ್ಸಿನ ದೋಷ ಒಂದೇ ಅಲ್ಲ ಅಂತ ಸಮಾಧಾನ.

ಅವಳ ಪ್ರಶ್ನೆಯಲ್ಲೇ ನನ್ನ ಪದ ಇತ್ತು, ಅಲ್ವಾ? ಎದುರಿಗೆ ಇರುವುದನ್ನು ಕಂಡು ‘ಇದು ಅದೇ’ ಅನ್ನಿಸಿದರೆ ಗುರ್ತ. ಎದುರಿಗೆ ಏನೂ ಇಲ್ಲದೆ ಒಳಗಿನಿಂದ ಎತ್ತಿ ತರಬೇಕಾದ್ದು ನೆನಪು. ಮುಖ ಎದುರಿಗಿತ್ತು, ಹೆಸರು ಎದುರಿಗಿರಲಿಲ್ಲ.

ಮಕ್ಕಳು ಮೋಸ ಹೋಗುವುದು ಇಲ್ಲೇ. ಒಂದೇ ಪಾಠವನ್ನು ನಾಲ್ಕು ಸಲ ಓದುತ್ತಾರೆ. ನಾಲ್ಕನೇ ಸಲ ಪ್ರತಿ ಸಾಲೂ ಪರಿಚಯದ್ದು ಅನ್ನಿಸುತ್ತದೆ. “ಎಲ್ಲ ಬರ್ತದೆ ಅಮ್ಮ” ಅನ್ನುತ್ತಾರೆ. ಸುಳ್ಳು ಹೇಳುವುದಲ್ಲ. ಗುರ್ತ ಸಿಕ್ಕಿದೆ, ಅದನ್ನೇ ನೆನಪು ಅಂದುಕೊಂಡಿದ್ದಾರೆ. ಪರೀಕ್ಷೆ ಹಾಲಿನಲ್ಲಿ ಪುಸ್ತಕ ಇರುವುದಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದೆ.

ಈ ಮುಚ್ಚಿಟ್ಟು ಹೇಳುವುದಕ್ಕೆ ಹೊಸ ಪದ ಹುಡುಕುತ್ತಾ ಎರಡು ದಿನ ಕಳೆದೆ. ಆಮೇಲೆ ಹೊಳೆಯಿತು, ‘ಒಪ್ಪಿಸುವುದು’! ಸಂಜೆ ಕೈಕಾಲು ತೊಳೆದು, ದೀಪ ಹಚ್ಚಿದ ಮೇಲೆ ಅಜ್ಜನೆದುರು ಮಗ್ಗಿ ಒಪ್ಪಿಸಬೇಕಿತ್ತು. ಅಜ್ಜ ಅಡಿಕೆ ಕತ್ತರಿಸುತ್ತಾ, ತಲೆ ಎತ್ತದೆ ಕೇಳುತ್ತಿದ್ದರು. ಹದಿಮೂರೇಳಲಿ ತಡವರಿಸಿದರೆ ಕತ್ತರಿ ನಿಲ್ಲುತ್ತಿತ್ತು, ಅಷ್ಟೆ. ‘ಉರು ಹೊಡೆಯುವುದು’ ಬೇರೆ, ‘ಒಪ್ಪಿಸುವುದು’ ಬೇರೆ. ನಾವು ಎರಡನ್ನೂ ಒಂದೇ ಚೀಲಕ್ಕೆ ಹಾಕಿ ‘ಗಿಳಿಪಾಠ’ ಅಂತ ಬಯ್ದು ಬಿಸಾಡಿದೆವು. ನನ್ನ ಮಟ್ಟಿಗೆ ಅದು ತಪ್ಪು.

ಇನ್ನೊಂದು. ನೆನಪಿನ ಮಟ್ಟಿಗೆ ಕನ್ನಡದ ಕ್ರಿಯಾಪದಗಳು ಬಹಳ ಚುರುಕು. ‘ನೆನಪಿಟ್ಟುಕೋ’ ಅಂದರೆ ಒಳಗೆ ಹಾಕುವ ಕೆಲಸ. ‘ನೆನಪಿದೆ’ ಅಂದರೆ ಒಳಗೆ ಉಳಿದಿದೆ. ‘ನೆನಪು ಮಾಡಿಕೊಂಡೆ’ ಅಂದರೆ ಕಷ್ಟಪಟ್ಟು ಹೊರಗೆ ತೆಗೆದೆ. ಮೂಲ್ಕಿಯಲ್ಲಿ ಆದದ್ದು ಇದ್ಯಾವುದೂ ಅಲ್ಲ, ಸುಮ್ನೆ ‘ನೆನಪಾಯಿತು’. ಮನಶ್ಶಾಸ್ತ್ರದವರು ಹಂತ ಹಂತವಾಗಿ ಹೇಳುವುದನ್ನು ನಾವು ಕೊಳ್ಳು, ಇರು, ಆಗುಗಳಲ್ಲಿ ಮುಗಿಸುತ್ತೇವೆ.

ನನ್ನ ಜೊತೆ ಕೆಲಸ ಮಾಡಿದ ಕನ್ನಡ ಪಂಡಿತರೊಬ್ಬರು ಒಂದು ಐಡಿಯಾ ಕೊಟ್ಟರು. “ಉದ್ದು ನೆನೆದ ಹಾಗೆ ಪಾಠವೂ ರಾತ್ರಿಯಿಡೀ ನೆನೆಯಬೇಕು, ಎರಡೂ ಒಂದೇ ಪದ, ಹೀಗೆ ಶುರು ಮಾಡಿ” ಅಂದರು. ಕೇಳಲು ಚೆಂದ. ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ ಅನ್ನುವುದೂ ನಿಜ. ಆದರೆ ಪದಗಳು ಒಂದೇ ಅಲ್ಲ. ಒದ್ದೆಯಾಗುವುದಕ್ಕೆ ಹಳಗನ್ನಡದಲ್ಲಿ ‘ನನೆ’ ಅಂತ ಇತ್ತು. ತಮಿಳಿನಲ್ಲಿ ಇವತ್ತಿಗೂ ಒದ್ದೆಯಾಗುವುದು ‘ನನೈ’, ಯೋಚಿಸುವುದು ‘ನಿನೈ’. ನಮ್ಮ ಬಾಯಲ್ಲಿ ಎರಡೂ ಸವೆದು ಒಂದಾಗಿವೆ. ಅದರ ಬದಲು ‘ಮರೆ’ ತೆಗೆದುಕೊಳ್ಳಿ ಅಂದೆ. ಮರೆಯುವುದು, ಮರೆಯಾಗುವುದು, ಬಾಗಿಲ ಮರೆ, ಇವು ಒಂದೇ ಬೇರಿನವು. ಎಲ್ಲಕ್ಕೂ ಹಿಂದೆ ಱಕಾರವೇ, ಅಂದರೆ ಹಳಗನ್ನಡದ ಗಡಸು ‘ರ’ವೇ ಇತ್ತು. ತಮಿಳಿನ ‘ಮಱ’, ‘ಮಱೈ’ ಕೂಡ ಹೀಗೇ, ಒಂದು ಮರೆಯುವುದು, ಇನ್ನೊಂದು ಅಡಗಿಸುವುದು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಲಿತು, ಮರೆತು, ಮತ್ತೆ ಕಲಿತು 1885ರಲ್ಲಿ ಪುಸ್ತಕ ಬರೆದ. ಎರಡನೇ ಸಲ ಕಲಿಯಲು ಅವನಿಗೆ ಕಡಿಮೆ ಹೊತ್ತು ಸಾಕಾಯಿತು. ಪೂರ್ತಿ ಅಳಿಸಿಹೋಗಿದ್ದರೆ ಹಾಗಾಗುತ್ತಿರಲಿಲ್ಲ. ಎಲ್ಲೋ ಮರೆಯಲ್ಲಿತ್ತು. ಪಂಡಿತರು ಒಪ್ಪಿದರು, ಉದ್ದು ಬಿಡಲು ಮಾತ್ರ ಮನಸ್ಸಿಲ್ಲ.

ಈಗ ನನ್ನ ಪ್ರಶ್ನೆ. ಭಾಷಣ ಆಮೇಲೆ ಪುಟ್ಟ ಪುಸ್ತಿಕೆಯಾಗಿ ಘಟ್ಟದ ಮೇಲಿನ ಶಾಲೆಗಳಿಗೂ ಹೋಗಲಿದೆ. ನಮ್ಮಲ್ಲಿ ‘ಗುರ್ತ’ ಅಂದರೆ ಪರಿಚಯವೂ ಹೌದು, ‘ಅವರು ನಮ್ಮ ಗುರ್ತದವರು’ ಅನ್ನುತ್ತೇವೆ. ಹಾಸನ, ತುಮಕೂರಿನವರಿಗೆ ‘ಗುರುತು’ ಅಂದರೆ ಬರೀ ಗುರುತಿನ ಚೀಟಿಯ ಗುರುತು, ಬರೆದ ಗೆರೆ, ಇಷ್ಟೇ ಕೇಳಿಸುತ್ತದೋ? ‘ಪಾಠದ ಗುರುತು ಸಿಕ್ಕಿದೆ, ನೆನಪಿಲ್ಲ’ ಅಂತ ಬರೆದರೆ ಆ ಕಡೆಯವರಿಗೆ ತಲುಪುತ್ತದಾ? ಮತ್ತೆ, ಮೂವತ್ತೈದು ವರ್ಷದ ತಾಯಂದಿರಿಗೆ ‘ಒಪ್ಪಿಸು’ ಅಂದರೆ ಪಾಠ ಒಪ್ಪಿಸುವುದು ಅಂತ ಹೊಳೆಯುತ್ತದೋ, ಚಾರ್ಜ್ ಒಪ್ಪಿಸುವುದು ಮಾತ್ರವೋ? ಕುಂದಾಪುರದ ಕಡೆ ಇದಕ್ಕೆ ಬೇರೆ ಮಾತು ಇದ್ದರೆ ಅದನ್ನೂ ತಿಳಿಸಿ.