ಅಪ್ಪಾರ ಕ್ವಾಲಿಸ್ ಮಾರಿ ಹಳೇ ಇನ್ನೋವಾ ತೊಗೊಂಡ್ರ ಹೆಂಗ್ರಿ?

ಬೆಟಗೇರಿ ಹುಡುಗ:

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಗದಗ-ಬೆಟಗೇರಿ. ಮನ್ಯಾಗ ಒಂದು 2001ರ ಟೊಯೋಟಾ ಕ್ವಾಲಿಸ್ ಐತಿ, ಅಪ್ಪಾರು ಹೊಸಾದ ತೊಗೊಂಡಿದ್ದು, ಆವಾಗ ನಾ ಮೂರನೇತ್ತೆ. ಮೀಟರ್ 3 ಲಕ್ಷ 40 ಸಾವಿರ ದಾಟೇತಿ. 15 ವರ್ಷ ಆದಮ್ಯಾಲೆ ಎರಡು ಸಲ ಆರ್‌ಸಿ ರಿನ್ಯೂ ಮಾಡಸೇವಿ, ಈಗ ಮೂರನೇ ಸಲದ್ದು ಬಂದು ನಿಂತೈತಿ. ತಳಕ್ಕ ತುಕ್ಕು ಹಿಡದೈತಿ, ಎಡಗಡೆ ಹಿಂದಿನ ಬಾಗಲಾ ಹೊರಗಿಂದಷ್ಟ ತಗಿಯಾಕ ಬರತೈತಿ, ಏಸಿ ಅಂತೂ ಹೆಸರಿಗೆ. ಆದ್ರ ಮುಂಜಾನೆ ಚಾವಿ ತಿರುವಿ ಹೀಟರ್ ಲೈಟ್ ಆರೋತನಕ ತಡದು ಸೆಲ್ಫ್ ಹೊಡದ್ರ ಒಂದ ಏಟಿಗೆ ಚಾಲೂ, ಚಳಿಗಾಲ ಇರ್ಲಿ ಮಳಿಗಾಲ ಇರ್ಲಿ.

ನಮ್ಮ ಮಾವಾರು ಅಂದ್ರ ಹೆಂಡ್ತಿ ಅಪ್ಪಾರು, ಇನ್ನ ಸಾಕು ಮಾರಿಬಿಡ್ರಿ ಅಂತಾರ. ಹುಬ್ಬಳ್ಳಿ ಒಬ್ಬ ಏಜೆಂಟ್ ಒಂದು 2012ರ ಇನ್ನೋವಾ ತೋರಸ್ಯಾನ, ಡೀಸೆಲ್, ವೈಟ್ ಬೋರ್ಡ್, ಮೀಟರಿನ್ಯಾಗ 1 ಲಕ್ಷ 48 ಸಾವಿರ, 7 ಲಕ್ಷ 20 ಸಾವಿರ ಅಂತಾನ, ಕ್ವಾಲಿಸ್ ಕೊಟ್ರ 1 ಲಕ್ಷ 30 ಸಾವಿರ ಕಡಮಿ ಮಾಡತಾನಂತ. ಮನ್ಯಾಗ ಎಂಟು ಮಂದಿ ಅದೀವಿ, ವರ್ಷಕ್ಕ ಎರಡು ಸಲ ಸವದತ್ತಿ ಎಲ್ಲಮ್ಮ, ಒಮ್ಮೆ ಪಂಢರಪುರ, ಮತ್ತ ಮದುವಿ ಮುಂಜಿವಿ, ಅಷ್ಟ ಓಡಾಟ.

ಅಪ್ಪಾರದ್ದು ಒಂದ ಮಾತು, "ಇದು ಮಗ್ಗದವರ ಗಾಡಿ, ನಾವೂ ಮಗ್ಗದವರು, ಮನಿಯಿಂದ ಹೊರಗ ಹಾಕಬ್ಯಾಡ" ಅಂತ. ನಮ್ಮವು ನಾಕು ಪವರ್‌ಲೂಮ್ ಇದ್ವು, ಈಗ ಎರಡು ಓಡತಾವ, ಅದಕ್ಕ ಹಂಗ ಅಂತಾರ ಅನಕೊಂಡಿದ್ದೆ, ಆದ್ರ ಮೊನ್ನೆ ಮತ್ತ ಅದ ಹೇಳಿದ್ರು, ಟೊಯೋಟಾ ಕಂಪನಿನ ಮಗ್ಗದ್ದು ಅಂತ. ಇದು ಖರೇ ಏನ್ರಿ, ಇಲ್ಲಾ ವಯಸ್ಸಾತು ಅಂತ ಏನರ ಅಂತಾರೋ? ತಿಳದವರು ಎರಡಕ್ಕೂ ಹೇಳ್ರಿ.

ಗೋಕುಲ ರೋಡ್ ಮಿಸ್ತ್ರಿ:

ತಮ್ಮಾ ಮೊದಲ ಗಾಡಿ ಮಾತು. 22 ವರ್ಷ ಆತು ಗ್ಯಾರೇಜ್ ಹಾಕಿ, ಕ್ವಾಲಿಸ್ ಎಷ್ಟು ಬಿಚ್ಚೇನಿ ಲೆಕ್ಕ ಇಲ್ಲ. 2446 ಸಿಸಿ ಇಂಜಿನ್ನು, ಟರ್ಬೊ ಇಲ್ಲ, ಕಾಮನ್ ರೇಲ್ (ಭಾರೀ ಒತ್ತಡದಲೆ ಡೀಸೆಲ್ ಸಿಂಪಡಿಸೋ ವ್ಯವಸ್ಥಾ) ಇಲ್ಲ, 75 ಕುದರಿ ಶಕ್ತಿ, ಹತ್ತು ಮಂದಿ ಹತ್ತಿದ್ರ ಎತ್ತಿನ ಗಾಡಿಗತೆ ಏರ ಏರತೈತಿ ಆದ್ರ ಏರತೈತಿ. ಹಿಂದ ಲಾರಿಗತೆ ಪಾಟಾ ಸ್ಪ್ರಿಂಗು, ಕೆಳಗ ಚಾಸಿ ಅಂದ್ರ ಗಾಡಿ ಹೊರೋ ಕಬ್ಬಿಣದ ಚೌಕಟ್ಟು. ಕೆಡಾಕ ಅದರಾಗ ಸಾಮಾನ ಕಡಮಿ, ಅಷ್ಟ ಗುಟ್ಟು.

ಈಗ ಇನ್ನೋವಾ. 2.5 ಡೀಸೆಲ್ ಛಲೋ ಇಂಜಿನ್ನ ಹೌದು, ಆದ್ರ ಅದು ಕಾಮನ್ ರೇಲ್, ಕೆಟ್ಟ ಡೀಸೆಲ್ ಹಾಕಿದ್ರ, ಫಿಲ್ಟರ್ ಟೈಮಿಗೆ ಬದಲಿ ಮಾಡಲಿಲ್ಲಂದ್ರ ಇಂಜೆಕ್ಟರ್ ಹೋಗತಾವ, ಆಮ್ಯಾಲೆ ಖರ್ಚು ಕೇಳಿದ್ರ ಎದಿ ಝಲ್ ಅಂತೈತಿ. ಮತ್ತ ಅದಕ್ಕ ಟೈಮಿಂಗ್ ಬೆಲ್ಟ್ ಐತಿ, ವಾಲ್ವ್ ಪಿಸ್ಟನ್ ತಾಳ ತಪ್ಪದಂಗ ನೋಡೋದು ಅದನ, ಚೈನ್ ಅಲ್ಲ, ಚೈನ್ ಬಂದದ್ದು ಮುಂದ ಇನ್ನೋವಾ ಕ್ರಿಸ್ಟಾಕ್ಕ. ಬೆಲ್ಟ್ ಬದಲಿ ಮಾಡೋ ಟೈಮಿಗೆ ಮೀಟರಿನ್ಯಾಗ ಟಿ-ಬೆಲ್ಟ್ ಅಂತ ಲೈಟ್ ಬರತೈತಿ. ನನ್ನ ಒಬ್ಬ ಗಿರಾಕಿ ಆ ಲೈಟ್ ಕಣ್ಣಿಗೆ ಚುಚ್ಚತೈತಿ ಅಂತ ಅದರ ಮ್ಯಾಲೆ ಕರೇ ಟೇಪ್ ಹಚ್ಚಿದ್ದ! ಅಣ್ಣಿಗೇರಿ ದಾಟಿ ಸ್ವಲ್ಪ ಮುಂದ ಹೋಗಿರಬೇಕು ಬೆಲ್ಟ್ ಹರೀತು, ವಾಲ್ವ್ ಎಲ್ಲಾ ಪಿಸ್ಟನ್‌ಗೆ ಬಡದು ಬಾಗಿದ್ವು, ಟ್ರ್ಯಾಕ್ಟರ್‌ಲೆ ಜಗ್ಗಿಸ್ಕೊಂಡು ಬಂದ. ಹೆಡ್ ತಗದಾಗ ಅವಗ ತೋರಿಸಿದೆ, ಸುಮ್ನ ನಿಂತಿದ್ದ ಪಾಪ.

ನೀ ನೋಡಾಕ ಹೋದಾಗ ಇಂಜಿನ್ ಪೂರಾ ಥಂಡ ಇರಬೇಕು, ಅವ ಮೊದಲ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ರ ಅಲ್ಲೇ ಸಂಶೆ ಹಿಡಿ. ಚಾಲೂ ಇದ್ದಾಗ ಆಯಿಲ್ ಹಾಕೋ ಕ್ಯಾಪ್ ಸಡಲ ಮಾಡಿ ಅಲ್ಲೇ ಮ್ಯಾಲೆ ಇಡು, ಹಾರಿ ಬಿತ್ತಂದ್ರ ಇಂಜಿನ್ ಒಳಗ ಸವದೈತಿ ಅಂತ, ಕೈ ಮುಗದು ಬಾ. ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗ್, ಡ್ರೈವರ್ ಸೀಟಿನ ಬಲಗಡೆ ಅಂಚು, ಈ ಮೂರು ಮೀಟರಿಗಿಂತ ಖರೇ ಹೇಳತಾವ. ಆರ್‌ಸಿ ಮೊದಲ ಯೆಲ್ಲೋ ಬೋರ್ಡ್ ಇತ್ತೇನ್ ನೋಡು. 2012ರ ಇನ್ನೋವಾ 14 ವರ್ಷಕ್ಕ ಬರೇ 1 ಲಕ್ಷ 48 ಸಾವಿರ ಓಡೈತಿ ಅಂದ್ರ ಅದು ಯಾರದರ ಮನಿ ಅಟ್ಟದ ಮ್ಯಾಲೆ ಇತ್ತೇನು?

ಸಪ್ತಾಪುರ ಮಾಸ್ತರ:

ನಿಮ್ಮ ತಂದಿಯವರು ಹೇಳಿದ್ದು ಪೂರ್ತಿ ಖರೇ ಅದ ತಮ್ಮಾ, ಅವರನ್ನ ವಯಸ್ಸಾತು ಅಂತ ಅನಬ್ಯಾಡ. ಟೊಯೋಟಾದ ಮೂಲಪುರುಷ ಜಪಾನಿನ ಸಾಕಿಚಿ ಟೊಯೊಡಾ ಅಂತ ಒಬ್ಬ, 1867ರಾಗ ಹುಟ್ಟಿದಾಂವ, ಬಡಿಗ್ಯಾನ ಮಗ. ತಾಯಿ ಮನ್ಯಾಗ ನೇಯೋದು ನೋಡ್ಕೋತ ಬೆಳದಾಂವ ಕಟ್ಟಿಗಿ ಕೈಮಗ್ಗಾನ ಸುಧಾರಿಸಿ 1891ರಾಗ ಮೊದಲನೇ ಪೇಟೆಂಟ್ ತೊಗೊಂಡಾ. ಅಲ್ಲಿಂದ ತಿದ್ದಕೋತ ತಿದ್ದಕೋತ 1924ರಾಗ ಅವನೂ ಮಗ ಕೀಚಿರೋನೂ ಕೂಡಿ ಒಂದು ಆಟೋಮ್ಯಾಟಿಕ್ ಮಗ್ಗ ಮಾಡಿದ್ರು. ಲಾಳ್ಯಾಗಿನ ನೂಲು ಮುಗದ್ರ ಮಗ್ಗ ನಿಲ್ಲಸದನ ಹೊಸ ಲಾಳಿ ತಾನ ಬಂದು ಕೂಡತಿತ್ತು.

ಇದಕ್ಕಿಂತಾ ದೊಡ್ಡ ಮಾತು ಮುಂದ ಅದ, ನಿಮ್ಮ ತಂದಿಯವರಿಗೆ ಎರಡ ಮಾತಿನ್ಯಾಗ ತಿಳೀತದ. ಹಾಸಿನ (ಮಗ್ಗದಾಗ ಉದ್ದಕ್ಕ ಬಿಗಿದ ನೂಲಿನ) ಒಂದೊಂದು ಎಳಿಗೂ ಒಂದೊಂದು ತೆಳ್ಳನ ತಗಡಿನ ಪಟ್ಟಿ ಜೋತು ಬಿದ್ದಿರತದ. ಎಳಿ ಬಿಗಿ ಇರೂತನಕಾ ಪಟ್ಟಿ ಮ್ಯಾಲೆ, ಎಳಿ ಹರೀತು ಅಂದ್ರ ಟಪ್ ಅಂತ ಕೆಳಗ, ಬಿದ್ದ ಪಟ್ಟಿ ಕೆಳಗಿನ ಮಶೀನಿಗೆ ಅಡ್ಡ ಬರತದ, ಮಗ್ಗ ನಿಂತುಬಿಡತದ. ಹರದ ಎಳಿ ಇಟಗೊಂಡು ಗಜಗಟ್ಟಲೆ ಅರಿವಿ ನೇದು ಹಾಳಾಗೋದು ತಪ್ಪತದ, ಒಬ್ಬಾಂವನ ಹತ್ತಾರು ಮಗ್ಗ ನೋಡ್ಕೋಬಹುದು. ಮುಂದ ಕಾರಿನ ಕಾರ್ಖಾನ್ಯಾಗ ಅದನ್ನ ತಂದ್ರು ನೋಡ್ರಿ, ಲೈನ್ ಉದ್ದಕ್ಕೂ ಒಂದು ಹಗ್ಗ, ಸಣ್ಣ ಕೆಲಸಗಾರನೂ ತಪ್ಪು ಕಂಡ್ರ ಜಗ್ಗಬಹುದು, ಸರಿ ಮಾಡಾಕ ಬರಲಿಲ್ಲಂದ್ರ ಲೈನ್ ನಿಲ್ಲತದ. ಎಳಿ ಹರದ್ರ ಮಗ್ಗ ನಿಂತಂಗ.

1929ರಾಗ ಆ ಮಗ್ಗದ ಹಕ್ಕನ್ನ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ 1 ಲಕ್ಷ ಪೌಂಡಿಗೆ ಕೊಟ್ರು. ಆ ರೊಕ್ಕಾನ ಕಾರಿಗೆ ಬೀಜ ಆತು ಅಂತ ಒಂದು ಕಥಿ ಅದ, ಎಷ್ಟು ರೊಕ್ಕ ಎಲ್ಲಿ ಹೋತೋ, ಕಥಿ ಮಾತ್ರ ಛಲೋ ಅದ. ಲೆಕ್ಕದಾಗ ಇರೋದು ಇಷ್ಟು, 1933ರಾಗ ಮಗ್ಗದ ಕಂಪನಿ ಒಳಗನ ಕಾರಿನ ವಿಭಾಗ ಚಾಲೂ ಆತು, 1935ರಾಗ ಜಿ1 ಅಂತ ಟ್ರಕ್ ಬಿಟ್ರು, ಅದು ರಸ್ತೆದಾಗ ಮ್ಯಾಲಿಂದ ಮ್ಯಾಲೆ ಕೆಟ್ಟು ನಿಲ್ಲತಿತ್ತು, 1936ರಾಗ ಎಎ ಕಾರು, 1937ರಾಗ ಕಂಪನಿ ಬ್ಯಾರೆ ಆತು. ಟೊಯೊಡಾ ಹೋಗಿ ಟೊಯೋಟಾ ಆದದ್ದು 1936ರಾಗ, ಜಪಾನಿ ಅಕ್ಷರದಾಗ ಬರದ್ರ ಎಂಟು ಗೆರಿ ಬರತಾವ, ಎಂಟು ಅವರಿಗೆ ಶುಭ. 1950ರಾಗ ಕಂಪನಿ ಮುಳಗೋ ಹಂತಕ್ಕ ಬಂದು, ಮಂದೀನ ಕೆಲಸದಿಂದ ತಗದು, ಮುಷ್ಕರ ಆಗಿ ಕೀಚಿರೋನ ರಾಜೀನಾಮೆ ಕೊಡಬೇಕಾತು. ಆವಾಗ ಕೊರಿಯಾ ಯುದ್ಧ ಶುರು ಆಗಿ ಅಮೆರಿಕಾ ಸೈನ್ಯದವರು ಟ್ರಕ್ ಆರ್ಡರ್ ಕೊಟ್ರು, ಕಂಪನಿ ಉಳೀತು. ಕೀಚಿರೋ 1952ರಾಗ ತೀರಕೊಂಡಾ, ಮುಂದಿಂದು ಭಾಳ ನೋಡಲಿಲ್ಲ.

ಇನ್ನೊಂದು ನಮ್ಮ ಕಡೆ ಮಾತು. ಇಲ್ಲಿ ಅವರ ಜೋಡಿ ಕೈ ಹಚ್ಚಿದವರು ಕಿರ್ಲೋಸ್ಕರ್ ಮನಿತನ. ಮೂಲಪುರುಷ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲಾ ಗುರ್ಲಹೊಸೂರ, 1888ರಾಗ ಬೆಳಗಾವ್ಯಾಗ ಸೈಕಲ್ ಅಂಗಡಿ ಹಾಕಿದ್ರು, ಆಮ್ಯಾಲೆ ಕಬ್ಬಿಣದ ನೇಗಿಲಾ. ಇಬ್ಬರೂ ಕೂಡಿ ಮೊದಲು ಮಾಡಿದ್ದು ಕಾರಲ್ಲ, 1995ರಾಗ ಬೆಂಗಳೂರ ಕಡೆ ನೂಲಿನ ಮಶೀನು. ಬಿಡದಿ ಕಾರಿನ ಕಂಪನಿ 1997ರದ್ದು, ಕ್ವಾಲಿಸ್ ಬಂದದ್ದು 2000ರಾಗ. ಹಿಂಗಾಗಿ ನಿಮ್ಮ ಗಾಡಿಗೆ ಎರಡೂ ಕಡೆಯಿಂದ ನೂಲಿನ ಸಂಬಂಧನ ಅದ.

ಬ್ಯಾಡಗಿ ಡಬ್ಬಿ:

ಮಾಸ್ತರ ಛಲೋ ಹೇಳಿದ್ರಿ. ನಂದು 2009ರ ಇನ್ನೋವಾ, 4 ಲಕ್ಷ 12 ಸಾವಿರ ಆಗೇತಿ, ನಾ ಸೆಕೆಂಡ್ ಓನರ್. ಮೆಣಸಿನಕಾಯಿ ವ್ಯಾಪಾರ ನಮ್ದು, ವರ್ಷಕ್ಕ ಐದಾರು ಸಲ ಗುಂಟೂರ, ಬಾಕಿ ದಿನ ಹಾವೇರಿ ಹುಬ್ಬಳ್ಳಿ. ಕ್ಲಚ್ ಎರಡು ಸಲ, ಮುಂದಿನ ಬುಶ್ ಮೂರು ಸಲ, ಬೆಲ್ಟ್ ಟೈಮಿಗೆ ಸರಿಯಾಗಿ, ಟರ್ಬೊಕ್ಕ ಇನ್ನೂ ಕೈ ಹಚ್ಚಿಲ್ಲ. ಸೀಸನ್ನಿನ್ಯಾಗ ಸ್ಯಾಂಪಲ್ ಚೀಲ ಹಿಂದಿನ ಸೀಟಿನ ಮ್ಯಾಲೆ ಇರತಾವು, ಏಸಿ ಹಚ್ಚಿದ್ರ ಘಾಟು ಬಂದು ಹೊಸಬ್ರು ಹತ್ತಿದವರು ಧಾರವಾಡ ಮುಟ್ಟೋತನಕ ಸೀನತಾರ, ನಮಗ ರೂಢಿ ಆಗೇತಿ. ನನ್ನ ಹೆಂಡ್ತಿ ತವರಮನಿಗೆ ಮಾತ್ರ ಈ ಗಾಡ್ಯಾಗ ಬರಂಗಿಲ್ಲ ಅಂತಾಳ.

ಮೈಲೇಜ್ 11, ಹೈವೇದಾಗ 12, ಅದರ ಮ್ಯಾಲೆ ಯಾರರ ಹೇಳಿದ್ರ ನಂಬಬ್ಯಾಡ್ರಿ. ನಾ ತೊಗೊಬೇಕಾದ್ರ ಹಳೇ ಓನರ್ ಮನಿಗೆ ಹೋಗಿ ಚಾ ಕುಡದು ಸರ್ವಿಸ್ ಬಿಲ್ ಎಲ್ಲಾ ಒಂದೊಂದ ನೋಡಿ ತೊಗೊಂಡೆ, ಮೂರು ತಿಂಗಳ ಹುಡುಕೇನಿ. ನೀವೂ ಏಜೆಂಟ್ ಕಡೆ ಹಳೇ ಓನರ್ ನಂಬರ್ ಕೇಳ್ರಿ, ಕೊಡಲಿಲ್ಲಂದ್ರ ಉತ್ತರ ಸಿಕ್ಕಂಗ.

ರಾಣೆಬೆನ್ನೂರ ಎಕ್ಸ್‌ಪ್ರೆಸ್:

ಎಲ್ಲಾರೂ ಟೊಯೋಟಾ ಪೂಜಾ ಮಾಡಾಕತ್ತೀರಿ ನಾ ಸ್ವಲ್ಪ ಬ್ಯಾರೆ ಹೇಳತೇನಿ ಸಿಟ್ಟಾಗಬ್ಯಾಡ್ರಿ. 14 ವರ್ಷದ ಗಾಡಿಗೆ 7 ಲಕ್ಷ ಯಾಕ ಕೊಡಬೇಕ್ರಿ? ಅದಕ್ಕ ಇನ್ನ ನಾಕೈದು ಲಕ್ಷ ಕೂಡಿಸಿ ಹೊಸಾ ಎರ್ಟಿಗಾ ಸಿಎನ್‌ಜಿ ತೊಗೊಂಡ್ರ ವಾರಂಟಿನೂ ಇರತೈತಿ. ಹಗ್ಗ ಜಗ್ಗೋ ಕಥಿ ಛಲೋನ ಐತಿ, ಆದ್ರ 2009-10ರಾಗ ಅಮೆರಿಕಾದಾಗ ಮ್ಯಾಟಿಗೆ ಸಿಕ್ಕು ಎಕ್ಸಲೇಟರ್ ಕೂತಬಿಡತೈತಿ, ಪೆಡಲ್ ಅಂಟ್ಕೊಂತೈತಿ ಅಂತ ಲಕ್ಷಗಟ್ಟಲೆ ಗಾಡಿ ವಾಪಸ್ ಕರಸಿದ್ರಲ್ಲ, ಕೀಚಿರೋನ ಮೊಮ್ಮಗ ಅಕಿಯೋ ಟೊಯೊಡಾ 2010ರ ಫೆಬ್ರುವರ್ಯಾಗ ಅಲ್ಲಿ ಸಂಸತ್ತಿನ ಮುಂದ ಕೂತು ಕ್ಷಮಾ ಕೇಳಿದಾ. ಆವಾಗ ಯಾವ ತಗಡಿನ ಪಟ್ಟಿ ಬಿತ್ರಿ ಮಾಸ್ತರ?

ಮತ್ತ ಮಗ್ಗದ್ದ ಬೇಕಂದ್ರ ಸುಝುಕಿನೂ ಮಗ್ಗದ್ದನ. ಮಿಚಿಯೋ ಸುಝುಕಿ 1909ರಾಗ ಹಮಾಮಾತ್ಸುದಾಗ ಮಗ್ಗ ಮಾಡೋ ಕಾರ್ಖಾನಿ ಚಾಲೂ ಮಾಡಿದ್ದು, ಕಾರು ಬಂದದ್ದು 1955ರಾಗ. ಈಗ ಟೊಯೋಟಾ ಶೋರೂಮಿನ್ಯಾಗ ನಿಂತ ಗ್ಲಾಂಜಾ ಅಂದ್ರ ಬಲೇನೋ, ರೂಮಿಯನ್ ಅಂದ್ರ ಎರ್ಟಿಗಾ. ಮ್ಯಾಲಿನ ಬಿಲ್ಲೆ ಅಷ್ಟ ಬ್ಯಾರೆ.

ಸಪ್ತಾಪುರ ಮಾಸ್ತರ:

ಒಪ್ಪಿದೆನ್ರಿ, 2010ರಾಗ ಪಟ್ಟಿ ತಡಾ ಮಾಡಿನ ಬಿತ್ತು. ಭಾಳ ಲಗೂ ಲಗೂ ದೊಡ್ಡದು ಆಗೋ ಆಶಾದಾಗ ನಮ್ಮ ಲಕ್ಷ್ಯ ತಪ್ಪಿತು ಅನ್ನೋ ಅರ್ಥದ ಮಾತು ಅಕಿಯೋನ ಅಲ್ಲಿ ಹೇಳಿದಾ. ಸುಝುಕಿ ಮಾತೂ ಬರೋಬ್ಬರಿ, ಸಾಕಿಚಿ ಹುಟ್ಟಿದ ಕೊಸಾಯ್ ಹಮಾಮಾತ್ಸುಕ್ಕ ಹತ್ತಿಕೊಂಡನ ಅದ. ನಮ್ಮ ಕಡೆ ಬೆಟಗೇರಿ ಇಲಕಲ್ಲ ಗುಳೇದಗುಡ್ಡ ಇದ್ದಂಗ ಅದು ನೇಕಾರಿಕಿ ಸೀಮಿ.

ಗೋಕುಲ ರೋಡ್ ಮಿಸ್ತ್ರಿ:

ಎರ್ಟಿಗಾ ಛಲೋ ಗಾಡಿನ, ಇಲ್ಲ ಅನ್ನಂಗಿಲ್ಲ. ಆದ್ರ ಎಂಟು ಮಂದಿ, ಲಗೇಜು, ಸಿಎನ್‌ಜಿ ಟಾಕಿ, ಮೂರೂ ಕೂಡಿ ಎಲ್ಲಿಡತೀರಿ? ಎರ್ಟಿಗಾದಾಗ ಏಳ ಸೀಟು.

ತಮ್ಮಾ ಇನ್ನೊಂದು, ಹಳೇ ಡೀಸೆಲ್ ಗಾಡಿ 10 ವರ್ಷಕ್ಕ ಬಂದ್ ಅಂತ ಮಂದಿ ಹೆದರಸ್ತಾರ, ಅದು ದಿಲ್ಲಿ ಕಡೆ ಮಾತು, ನಮ್ಮಲ್ಲಿ ತಪಾಸಣಿ ಪಾಸಾದ್ರ ಐದು ವರ್ಷಕ್ಕ ರಿನ್ಯೂ ಆಕ್ಕೈತಿ. ಫೀ ಮಾತ್ರ ಏರಸ್ಯಾರ, ಕಾರಿಗೆ 5 ಸಾವಿರ ಇದ್ದದ್ದು 2025ರಿಂದ 20 ವರ್ಷ ದಾಟಿದ್ದಕ್ಕ 10 ಸಾವಿರ, ಗ್ರೀನ್ ಟ್ಯಾಕ್ಸ್ ಬ್ಯಾರೆ. ತಳದ ತುಕ್ಕು ಚಾಸಿಗೆ ಹೊಕ್ಕಿದ್ರ ಮಾರು, ಬರೇ ತಗಡಿಗಿದ್ರ ವೆಲ್ಡಿಂಗ್ ಮಾಡ್ಸು. ಒಂದು ಸ್ಕ್ರೂಡ್ರೈವರ್ ತೊಗೊಂಡು ಚಾಸಿಗೆ ಬಡದು ನೋಡು, ಟಣ್ ಅಂದ್ರ ಗಟ್ಟಿ, ದಪ್ ಅಂದ್ರ ಒಳಗ ತಿಂದೈತಿ.

ಬೆಟಗೇರಿ ಹುಡುಗ:

ಎಲ್ಲಾರಿಗೂ ಥ್ಯಾಂಕ್ಸ್ ರಿ. ನಿನ್ನೆ ಹುಬ್ಬಳ್ಳಿಗೆ ಹೋಗಿ ಆ ಇನ್ನೋವಾ ನೋಡಿದೆ. ಪೆಡಲಿಗೆ ಹೊಸಾ ರಬ್ಬರ್, ಸ್ಟೇರಿಂಗ್ ಮಾತ್ರ ಸವದು ಸವದು ನುಣ್ಣಗ ಕನ್ನಡಿಗತೆ ಹೊಳಿತಿತ್ತು, ಬಾನೆಟ್ ಮುಟ್ಟಿದ್ರ ಬಿಸಿ. ಹಳೇ ಓನರ್ ನಂಬರ್ ಕೇಳಿದೆ, ಅವರು ದುಬೈಕ್ಕ ಹೋಗ್ಯಾರ ಅಂದ. ಚಾ ತರಸ್ತೇನಿ ಕೂಡ್ರಿ ಅಂದ, ನಾ ಬಸ್ ಟೈಮ್ ಆತು ಅಂತ ಎದ್ದ ಬಂದೆ.

ಮುಂಜಾನೆ ಸ್ಕ್ರೂಡ್ರೈವರ್ ತೊಗೊಂಡು ಕ್ವಾಲಿಸ್ ಕೆಳಗ ಹೊಕ್ಕೆ. ಮೂರು ಕಡೆ ಟಣ್, ಎಡಗಡೆ ಹಿಂದಿನ ಪಾಟಾ ಕೂಡೋ ಜಾಗಾದಾಗ ಸ್ವಲ್ಪ ದಪ್ ಅಂದಂಗಾತು, ಖರೇ ಹೇಳಬೇಕಂದ್ರ ನಂಗ ಫರಕ ತಿಳೀಲಿಲ್ಲ. ಅಪ್ಪಾರು ಮಗ್ಗ ಬಂದ್ ಮಾಡಿ ಬಂದು ಬಾಗಿ ಕಿವಿ ಕೊಟ್ರು, ಇನ್ನೊಮ್ಮೆ ಬಡಿ ಅಂದ್ರು, ಬಡದೆ, ಏನೂ ಅನಲಿಲ್ಲ. ಮಾಸ್ತರ ಬರದದ್ದು ಓದಿ ಹೇಳಿದ್ರ ತಗಡಿನ ಪಟ್ಟಿ ಮಾತು ಬಂದಲ್ಲಿ ಅಷ್ಟ "ಹೂಂ" ಅಂದ್ರು. ಮಿಸ್ತ್ರಿ ಕಾಕಾ, ಸೋಮವಾರ ಗಾಡಿ ತರತೇನಿ, ಮುಂಜಾನೆ ಎಷ್ಟಕ್ಕ ಗ್ಯಾರೇಜ್ ತಗೀತೀರಿ?

ಗೋಕುಲ ರೋಡ್ ಮಿಸ್ತ್ರಿ:

ಒಂಬತ್ತೂವರಿ. ಡೀಸೆಲ್ ಅರ್ಧ ಟಾಕಿಗಿಂತ ಕಡಮಿ ಇಟಗೊಂಡ ಬಾ, ವೆಲ್ಡಿಂಗ್ ಬಂದ್ರ ಟಾಕಿ ಬಿಚ್ಚಬೇಕಾಕ್ಕೈತಿ. ಅಪ್ಪಾರನ್ನೂ ಕರಕೊಂಡ ಬಾ.