ಏಜೆಂಟ್ ಎಡವದಂತೆ ಟೂಲ್‌ಗಳ ವಿವರಣೆ ಬರೆಯುವುದು ಹೇಗೆ?

ತಂತಿಜಾಲ:
ಆರ್ಡರ್ ನಿರ್ವಹಣೆಯ ಎಪಿಐ (ಪ್ರೋಗ್ರಾಂಗಳು ಪರಸ್ಪರ ಕರೆಯುವ ದಾರಿ) ಒಂದನ್ನು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ವಿಧಾನ) ಸರ್ವರ್ ಮೂಲಕ ಎಐ ಏಜೆಂಟ್‌ಗೆ ಕೊಟ್ಟಿದ್ದೇವೆ. ಏಜೆಂಟ್ ಕರೆಯಬಹುದಾದ ಟೂಲ್‌ಗಳು, ಅಂದರೆ ಒಂದೊಂದು ಕೆಲಸದ ಫಂಕ್ಷನ್‌ಗಳು, ಒಟ್ಟು 22 ಇವೆ. ಡೆವಲಪರ್‌ಗಳಿಗೆಂದು ಬರೆದ ಡಾಕ್ಯುಮೆಂಟೇಶನ್ ಚೆನ್ನಾಗಿಯೇ ಇದೆ, ಅದನ್ನೇ ಇಲ್ಲಿಗೂ ಹಾಕಿದ್ದೇವೆ. ಆದರೂ ಏಜೆಂಟ್ ಮೂರು ಕಡೆ ಎಡವುತ್ತದೆ. ‘ಗೆಟ್_ಆರ್ಡರ್’ ಸಾಕಿರುವಲ್ಲಿ ‘ಸರ್ಚ್_ಆರ್ಡರ್ಸ್’ ಕರೆಯುತ್ತದೆ. ದಿನಾಂಕವನ್ನು ಒಂದೊಂದು ಸಲ ಒಂದೊಂದು ರೂಪದಲ್ಲಿ ಕಳಿಸುತ್ತದೆ. ಎರರ್ ಬಂದರೆ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತದೆ. ವಿವರಣೆ ಉದ್ದ ಮಾಡಬೇಕೋ, ಮೊಟಕು ಮಾಡಬೇಕೋ?

ಸ್ಕೀಮಾಪ್ರಿಯ:
ಉದ್ದಕ್ಕಿಂತ ಮೊದಲು ಒಳಗೆ ಏನಿದೆ ಎಂದು ನೋಡಿ. ಹೊಸ ಡೆವಲಪರ್‌ಗೆ ಗೊಂದಲವಾದರೆ ಪಕ್ಕದವರನ್ನು ಕೇಳುತ್ತಾರೆ, ಹಳೆಯ ಕೋಡ್ ತೆರೆದು ನೋಡುತ್ತಾರೆ. ಏಜೆಂಟ್ ಕೈಯಲ್ಲಿರುವುದು ಟೂಲ್‌ನ ಹೆಸರು, ವಿವರಣೆ, ಸ್ಕೀಮಾ (ಟೂಲ್‌ಗೆ ಕೊಡಬೇಕಾದ ಮಾಹಿತಿ, ಅಂದರೆ ಪ್ಯಾರಾಮೀಟರ್‌ಗಳು, ಯಾವ ರೂಪದಲ್ಲಿರಬೇಕೆಂಬ ಪಟ್ಟಿ), ಇಷ್ಟೇ. ‘ಆರ್ಡರ್‌ಗಳನ್ನು ಹುಡುಕುತ್ತದೆ’ ಎಂಬ ವಿವರಣೆ ಹೆಸರನ್ನೇ ಇನ್ನೊಮ್ಮೆ ಹೇಳಿದಂತಾಯಿತು. ಹೀಗೆ ಬರೆದು ನೋಡಿ:

‘ಗ್ರಾಹಕ, ದಿನಾಂಕ ಅಥವಾ ಸ್ಥಿತಿಯ ಆಧಾರದಲ್ಲಿ ಆರ್ಡರ್‌ಗಳನ್ನು ಹುಡುಕುತ್ತದೆ. ಆರ್ಡರ್ ಐಡಿ ಗೊತ್ತಿದ್ದರೆ ಇದನ್ನು ಬಳಸಬೇಡಿ, ಗೆಟ್_ಆರ್ಡರ್ ಬಳಸಿ. ಒಂದು ಕರೆಗೆ ಹೆಚ್ಚೆಂದರೆ 50 ಫಲಿತಾಂಶ. ಇನ್ನೂ ಇದ್ದರೆ ಮುಂದಿನ ಪುಟ ಕೇಳಲು ನೆಕ್ಸ್ಟ್_ಕರ್ಸರ್ ಬರುತ್ತದೆ. ಏನೂ ಸಿಗದಿದ್ದರೆ ಖಾಲಿ ಪಟ್ಟಿ ಬರುತ್ತದೆ, ಅದು ಎರರ್ ಅಲ್ಲ.’

‘ಯಾವಾಗ ಬಳಸಬಾರದು’ ಎಂಬ ಸಾಲನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹತ್ತಿರದ ಎರಡು ಟೂಲ್‌ಗಳನ್ನು ಬೇರ್ಪಡಿಸುವುದು ಆ ಸಾಲೇ.

ಇನ್ನು ದಿನಾಂಕ. 03/04/2025 ಎಂದರೆ ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಆರ್‌ಎಫ್‌ಸಿ 3339 (ವರ್ಷ-ತಿಂಗಳು-ದಿನ ಕ್ರಮದ ಇಂಟರ್ನೆಟ್ ದಿನಾಂಕ ಮಾನದಂಡ) ರೂಪ ಬೇಕು ಎಂದು ಹೇಳಿ, ಪಕ್ಕದಲ್ಲೇ ಟೈಮ್‌ಝೋನ್ ಸಮೇತ ಒಂದು ಉದಾಹರಣೆ ಕೊಡಿ. ಯುನಿಕ್ಸ್ ಸಮಯ (1970ರ ಜನವರಿ 1ರಿಂದ ಎಣಿಸಿದ ಕಾಲ) ಬಳಸುವುದಾದರೆ ಸೆಕೆಂಡೋ ಮಿಲಿಸೆಕೆಂಡೋ ಎಂದು ಪ್ಯಾರಾಮೀಟರ್ ಹೆಸರಿನಲ್ಲೇ ಇರಲಿ. ಈಗಿನ ಕಾಲಕ್ಕೆ ಮೊದಲನೆಯದು 10 ಅಂಕಿ, ಎರಡನೆಯದು 13 ಅಂಕಿ. ಅದಲುಬದಲಾದರೆ ಎರರ್ ಬರದೆಯೇ ತಪ್ಪು ಉತ್ತರ ಬರುತ್ತದೆ. ಸ್ಥಿತಿಯಂಥ ಪ್ಯಾರಾಮೀಟರ್‌ಗೆ ಬರೀ ‘ಸ್ಟ್ರಿಂಗ್’ (ಪಠ್ಯ) ಎನ್ನದೆ ಒಪ್ಪುವ ಮೌಲ್ಯಗಳನ್ನೆಲ್ಲ ಈನಮ್‌ನಲ್ಲಿ (ಸ್ಕೀಮಾದಲ್ಲಿ ಆಯ್ಕೆಗಳನ್ನು ನಿಗದಿಪಡಿಸುವ ಜಾಗ) ಪಟ್ಟಿ ಮಾಡಿ.

ಒಂದು ಎಚ್ಚರಿಕೆ: ಸ್ಕೀಮಾ ಬರೆಯುವ ಮಾನದಂಡವಾದ ಜೇಸನ್ ಸ್ಕೀಮಾದ 2020-12 ಆವೃತ್ತಿಯಲ್ಲಿ ‘ಫಾರ್ಮ್ಯಾಟ್’ ಎಂಬುದು ತಾನಾಗಿ ಯಾವ ತಪಾಸಣೆಯನ್ನೂ ಮಾಡುವುದಿಲ್ಲ, ಅದು ಸೂಚನೆ ಮಾತ್ರ. ಸರ್ವರ್‌ನಲ್ಲಿ ನೀವೇ ತಪಾಸಣೆ ಮಾಡಬೇಕು. ಹಾಗೆಯೇ 9007199254740991 ದಾಟುವ ಐಡಿಗಳನ್ನು ಸ್ಟ್ರಿಂಗ್ ಆಗಿಯೇ ಕೊಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಅವು ಸಂಖ್ಯೆಯಾಗಿ ಹಾದುಹೋದರೆ ಕೊನೆಯ ಅಂಕಿ ಬದಲಾಗಬಹುದು.

ಕೊನೆಸಾಲು:
ನಿಮ್ಮ ಮೂರನೇ ತೊಂದರೆಯ ಮೂಲ ಎರರ್ ಸಂದೇಶದಲ್ಲಿದೆ. ಎರರ್ ಸಂದೇಶವೂ ಡಾಕ್ಯುಮೆಂಟೇಶನ್ನೇ, ಬೇಕಾದ ಹೊತ್ತಿಗೆ ಸರಿಯಾಗಿ ಓದುವ ಭಾಗ ಅದೊಂದೇ ಎಂದರೂ ತಪ್ಪಲ್ಲ. ‘ಅಮಾನ್ಯ ವಿನಂತಿ’ ಎಂದಷ್ಟೇ ಬಂದರೆ ಏಜೆಂಟ್‌ಗೆ ಬದಲಾಯಿಸಲು ಏನೂ ಸಿಗುವುದಿಲ್ಲ, ಹಾಗಾಗಿ ಅದನ್ನೇ ಮತ್ತೆ ಕಳಿಸುತ್ತದೆ. ಯಾವ ಫೀಲ್ಡ್, ಏನು ಬಂತು, ಏನು ಬರಬೇಕಿತ್ತು, ಮತ್ತೆ ಪ್ರಯತ್ನಿಸಬಹುದೇ, ಈ ನಾಲ್ಕೂ ಇರಲಿ: ‘ಫ್ರಮ್_ಡೇಟ್‌ನಲ್ಲಿ 03/04/2025 ಬಂದಿದೆ. 2025-04-03 ಎಂಬ ರೂಪ ಬೇಕು. ಸರಿಪಡಿಸದೆ ಮತ್ತೆ ಕಳಿಸಿದರೆ ಇದೇ ಎರರ್ ಬರುತ್ತದೆ.’

429 (ವಿನಂತಿಗಳು ಮಿತಿ ಮೀರಿವೆ ಎಂಬ ಎಚ್‌ಟಿಟಿಪಿ ಕೋಡ್) ಬಂದರೆ ಎಷ್ಟು ಸೆಕೆಂಡ್ ಕಾಯಬೇಕೆಂದು ಪಠ್ಯದಲ್ಲೇ ಹೇಳಿ. ಕಾಯುವ ಸಮಯ ಹೇಳುವ ರಿಟ್ರೈ-ಆಫ್ಟರ್ ಹೆಡರ್ ಮಾಡೆಲ್‌ನ ಕಣ್ಣಿಗೆ ಬೀಳದೇ ಹೋಗಬಹುದು. ಎಂಸಿಪಿಯಲ್ಲಿ ಇಂಥ ಎರರ್‌ಗಳನ್ನು ಪ್ರೋಟೋಕಾಲ್ ಎರರ್ ಆಗಿ ಎಸೆಯದೆ, ಫಲಿತಾಂಶದೊಳಗೆ ‘ಈಸ್‌ಎರರ್’ ನಿಜ ಎಂದು ಗುರುತಿಸಿ ಕಳಿಸಿ. ಆಗ ಮಾಡೆಲ್ ಅದನ್ನು ಓದಿ ತಿದ್ದಿಕೊಳ್ಳಬಲ್ಲದು.

ಟೈಮ್‌ಔಟ್ ಇದಕ್ಕಿಂತ ಅಪಾಯಕಾರಿ. ಆರ್ಡರ್ ದಾಖಲಾಯಿತೋ ಇಲ್ಲವೋ ತಿಳಿಯದೆ ಏಜೆಂಟ್ ಇನ್ನೊಮ್ಮೆ ಕರೆದರೆ ಎರಡು ಆರ್ಡರ್ ಆಗಬಹುದು. ಐಡೆಂಪೊಟೆನ್ಸಿ ಕೀ (ಅದೇ ವಿನಂತಿ ಮತ್ತೆ ಬಂದರೆ ಸರ್ವರ್‌ಗೆ ತಿಳಿಯುವ ಗುರುತು) ಟೂಲ್ ತೆಗೆದುಕೊಳ್ಳುವಂತೆ ಮಾಡಿ, ‘ಟೈಮ್‌ಔಟ್ ಆದರೆ ಅದೇ ಕೀ ಬಳಸಿ ಮತ್ತೆ ಕರೆಯಿರಿ’ ಎಂದು ವಿವರಣೆಯಲ್ಲಿ ಬರೆಯಿರಿ.

ತಂತಿಜಾಲ:
ಇಬ್ಬರಿಗೂ ಧನ್ಯವಾದ. ಕೆಲವು ಕೆಲಸಗಳಿಗೆ ಕಮಾಂಡ್ ಲೈನ್ ಟೂಲ್ ಕೂಡ ಇದೆ, ಅದಕ್ಕೂ ಇದೇ ನಿಯಮವೇ? ಬರೆದದ್ದು ಸಾಕೋ ಸಾಲದೋ ಎಂದು ತಿಳಿಯುವುದು ಹೇಗೆ?

ಬೆಳಗುಗಂಟೆ:
ಕಮಾಂಡ್ ಲೈನ್‌ನಲ್ಲಿ ಏಜೆಂಟ್ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ‘ಹೌದೋ ಅಲ್ಲವೋ’ ಎಂದು ಕೇಳುವಲ್ಲಿ, ಇಲ್ಲವೇ ಔಟ್‌ಪುಟ್ ಪೇಜರ್‌ನಲ್ಲಿ (ಪುಟಪುಟವಾಗಿ ತೋರಿಸಿ ಕೀ ಒತ್ತಲು ಕಾಯುವ ಪ್ರೋಗ್ರಾಂ) ತೆರೆದುಕೊಂಡಾಗ. ಎರಡನ್ನೂ ತಪ್ಪಿಸುವ ಫ್ಲ್ಯಾಗ್ ಇರಲಿ, ಹೆಲ್ಪ್‌ನ ಮೊದಲ ಕೆಲವು ಸಾಲುಗಳಲ್ಲೇ ಕಾಣಲಿ. ಕಮಾಂಡ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್‌ಗಳ ಅರ್ಥವನ್ನೂ ಬರೆಯಿರಿ. ಪಠ್ಯ ಹುಡುಕುವ ಗ್ರೆಪ್‌ನಲ್ಲಿ 1 ಎಂದರೆ ಏನೂ ಸಿಗಲಿಲ್ಲ ಎಂದಷ್ಟೇ, ನಿಜವಾದ ಎರರ್‌ಗೆ 2. ನಿಮ್ಮ ಟೂಲ್‌ನಲ್ಲಿ ಹೀಗೇನಾದರೂ ಇದ್ದು ಅದನ್ನು ಹೇಳದಿದ್ದರೆ, ಏಜೆಂಟ್ ಖಾಲಿ ಫಲಿತಾಂಶವನ್ನು ವೈಫಲ್ಯ ಎಂದುಕೊಳ್ಳುತ್ತದೆ.

ಪರೀಕ್ಷೆಗೆ, ಬಳಕೆದಾರರು ನಿಜವಾಗಿ ಕೇಳುವಂಥ 20 ಕೆಲಸಗಳನ್ನು ಬರೆದಿಟ್ಟುಕೊಳ್ಳಿ. ಪ್ರತಿಯೊಂದನ್ನೂ ಹೊಸ ಸೆಷನ್‌ನಲ್ಲಿ, ಟೂಲ್ ವಿವರಣೆ ಬಿಟ್ಟು ಬೇರೇನೂ ಕೊಡದೆ, ಮೂರು ಮೂರು ಸಲ ಓಡಿಸಿ. ಉತ್ತರಕ್ಕಿಂತ ಕರೆಗಳ ಲಾಗ್ ಓದಿ: ಮೊದಲ ಕರೆಯಲ್ಲೇ ಸರಿಯಾದ ಟೂಲ್ ಆರಿಸಿತೇ, ಯಾವ ಪ್ಯಾರಾಮೀಟರ್ ಊಹಿಸಿತು? ಊಹಿಸಿದ ಜಾಗದಲ್ಲೆಲ್ಲ ಒಂದು ವಾಕ್ಯ ಕಡಿಮೆಯಿದೆ. ಯಾವಾಗಲೂ ಒಂದರ ಹಿಂದೆ ಒಂದು ಬರುವ ಎರಡು ಟೂಲ್‌ಗಳು ಕಂಡರೆ ಒಂದೇ ಮಾಡಿ, 22 ತಾನಾಗಿ ಇಳಿಯುತ್ತದೆ.

ಅಳಿಸುವ ಟೂಲ್‌ಗಳ ಬಗ್ಗೆ ಮಾತ್ರ ವಿವರಣೆಯನ್ನು ನಂಬಿ ಕೂರಬೇಡಿ. ಎಂಸಿಪಿಯ ‘ಡಿಸ್ಟ್ರಕ್ಟಿವ್‌ಹಿಂಟ್’ ಹೆಸರೇ ಹೇಳುವಂತೆ ಬರೀ ಸುಳಿವು, ಅದು ಯಾರನ್ನೂ ತಡೆಯುವುದಿಲ್ಲ. ಅಳಿಸುವ ಅನುಮತಿಯೇ ಇಲ್ಲದ ಟೋಕನ್ (ಪ್ರವೇಶದ ಕೀಲಿ) ಕೊಡಿ. ಅಳಿಸಲೇಬೇಕಾದ ಕೆಲಸಕ್ಕೆ ಡ್ರೈ-ರನ್ (ನಿಜವಾಗಿ ಅಳಿಸದೆ ಏನಾಗುತ್ತದೆಂದು ತೋರಿಸುವುದು) ಮತ್ತು ಮನುಷ್ಯರ ಒಪ್ಪಿಗೆ, ಎರಡನ್ನೂ ಸರ್ವರ್‌ನಲ್ಲೇ ಕಡ್ಡಾಯ ಮಾಡಿ.