ಐಟಿಐ ತರಬೇತಿಯಲ್ಲಿ ಹವಾಮಾನ ಬದಲಾವಣೆಯ ಪಾಠ ಎಲ್ಲಿ ಸೇರಬೇಕು?

ಪ್ರಶ್ನೆ: ಕಿರಿಯ ತರಬೇತಿ ಅಧಿಕಾರಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಐಟಿಐಯಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ವೃತ್ತಿಯ ಎರಡು ವರ್ಷದ ತರಬೇತಿಯನ್ನು ನೋಡಿಕೊಳ್ಳುತ್ತಿದ್ದೇನೆ. ಹೊಸದಾಗಿ ಸೇರುವ ತಂಡಕ್ಕೆ ಹವಾಮಾನ ಬದಲಾವಣೆಯ ಕುರಿತು ವಾರಕ್ಕೊಂದು ಗಂಟೆಯ ಪಾಠವನ್ನು ರೂಪಿಸಿಕೊಡುವಂತೆ ಪ್ರಾಚಾರ್ಯರು ಹೇಳಿದ್ದಾರೆ. ಕಳೆದ ವರ್ಷ ಇದೇ ಉದ್ದೇಶಕ್ಕಾಗಿ ಸಸಿ ನೆಟ್ಟೆವು, ಭಿತ್ತಿಪತ್ರ ಸ್ಪರ್ಧೆ ನಡೆಸಿದೆವು, ಧ್ರುವಪ್ರದೇಶದ ಹಿಮ ಕರಗುವ ವಿಡಿಯೊ ತೋರಿಸಿದೆವು. ಹುಡುಗರು ಶ್ರದ್ಧೆಯಿಂದಲೇ ಕುಳಿತು ನೋಡಿದರು. ಮರುದಿನ ಕಾರ್ಯಾಗಾರದಲ್ಲಿ ಅವರಲ್ಲೊಬ್ಬ ಹಳೆಯ ಏಸಿಯ ಕಂಪ್ರೆಸರ್ ಬಿಚ್ಚುವ ಮುನ್ನ ವಾಲ್ವ್ ಸಡಿಲಿಸಿ, ಒಳಗಿದ್ದ ಗ್ಯಾಸನ್ನೆಲ್ಲ ಕಿಟಕಿಯ ಕಡೆಗೆ ಬಿಟ್ಟ. ಬುಸ್ಸೆಂದು ಸದ್ದಾಗಿ, ಪೈಪಿನ ತುದಿಯಲ್ಲಿ ಬೆಳ್ಳಗೆ ಹಿಮ ಕಟ್ಟಿತು. ಹಾಗೆ ಬಿಡುವುದನ್ನು ಅವನು ಕಲಿತದ್ದು ನನ್ನಿಂದಲೇ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ. ಗ್ಯಾಸನ್ನು ಸಿಲಿಂಡರಿಗೆ ಹಿಂಪಡೆಯುವ ರಿಕವರಿ ಯಂತ್ರ ನಮ್ಮಲ್ಲಿ ಕೆಟ್ಟು ಮೂಲೆಗೆ ಸೇರಿ ಬಹಳ ಕಾಲವಾಗಿದೆ.

ಪರಿಸರ ವಿಷಯವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಇಷ್ಟು ವರ್ಷಗಳ ನಂತರವೂ ಆ ಪಾಠ ಕಾರ್ಯಾಗಾರದ ಬಾಗಿಲು ದಾಟಿ ಒಳಗೆ ಬಂದಿಲ್ಲವೆಂದು ನನಗನ್ನಿಸುತ್ತದೆ. ಪ್ರತ್ಯೇಕ ತರಗತಿ ಬೇಕೇ, ಅಥವಾ ವೃತ್ತಿ ಪಾಠದೊಳಗೇ ಇದನ್ನು ತರಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಏಸಿ ಸರ್ವಿಸ್ ಅಂಗಡಿ, ಹುಬ್ಬಳ್ಳಿ

ಸರ್, ತಮ್ಮ ಪ್ರಶ್ನೆಗೆ ಉತ್ತರ ಆ ಕಿಟಕಿಯಲ್ಲೇ ಇದೆ. ಹಳೆಯ ಏಸಿಗಳಲ್ಲಿರುವ ಆರ್-22 ಗ್ಯಾಸಿನ ಒಂದು ಕೆಜಿ, ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಓಝೋನ್ ಪದರಕ್ಕೆ ಅದರಿಂದಾಗುವ ಹಾನಿ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 50 ಕಿ.ಮೀ. ಕೊಡುವ ಬೈಕನ್ನು 39,000 ಕಿ.ಮೀ. ಓಡಿಸಿದರೆ ಎಷ್ಟಾಗುತ್ತದೋ, ಒಂದು ಕೆಜಿ ಗ್ಯಾಸನ್ನು ಗಾಳಿಗೆ ಬಿಟ್ಟರೆ ಅಷ್ಟಾಗುತ್ತದೆ. ಈ ಲೆಕ್ಕವನ್ನು ಹುಡುಗರಿಂದಲೇ ಹಲಗೆಯ ಮೇಲೆ ಮಾಡಿಸಿ. ನನ್ನ ಅಂಗಡಿಗೆ ಬರುವ ಹುಡುಗರಿಗೆ ನಾನು ಮೊದಲ ವಾರ ಹೇಳಿಕೊಡುವುದು ಇದನ್ನೇ, ಅವರು ಬೈಕಿನ ಲೆಕ್ಕವನ್ನು ಮರೆಯುವುದಿಲ್ಲ.

ಆಮೇಲೆ ತೂಕದ ಯಂತ್ರವನ್ನು ಮುಂದಿಡಿ. ಹಿಂಪಡೆದ ಗ್ಯಾಸ್ ಎಷ್ಟು, ತುಂಬಿದ್ದು ಎಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಸಿ. ಸಾಬೂನಿನ ನೊರೆ ಹಚ್ಚಿ, ಪೈಪು ಜೋಡಿಸುವ ಫ್ಲೇರ್ ನಟ್ಟಿನ ಸೋರಿಕೆ ಹುಡುಕದೆ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿ ಹೋಗುವವನು ಕೆಟ್ಟ ಮೆಕ್ಯಾನಿಕ್ ಎಂಬುದನ್ನು ವೃತ್ತಿಯ ಮರ್ಯಾದೆಯ ಮಾತಾಗಿಯೇ ಹೇಳಿ, ಏಕೆಂದರೆ ಇಲ್ಲಿ ಒಳ್ಳೆಯ ಕೆಲಸವೂ ಹವಾಮಾನ ರಕ್ಷಣೆಯೂ ಒಂದೇ. ಭೂಮಿಯನ್ನು ಬಿಸಿಮಾಡುವ ಏಸಿ ಗ್ಯಾಸುಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಭಾರತವು 2021ರಲ್ಲಿ ಅನುಮೋದಿಸಿದೆ. 2019ರ ಭಾರತದ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ಸರ್ವಿಸ್ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುವ ಗುರಿ ಇಟ್ಟುಕೊಂಡಿತ್ತು. ಮುಂದೆ ಭೂಮಿಯನ್ನು ಕಡಿಮೆ ಬಿಸಿಮಾಡುವ ಆರ್-32, ಆರ್-290ರಂತಹ ಗ್ಯಾಸುಗಳದ್ದೇ ಕಾಲ. ಆರ್-290 ಎಂದರೆ ಪ್ರೊಪೇನ್, ಬೆಂಕಿ ತಗಲುವ ಅನಿಲ. ಗ್ಯಾಸನ್ನು ಮನಸ್ಸಿಗೆ ಬಂದಂತೆ ಬಿಡುವ ಅಭ್ಯಾಸವಿರುವ ಹುಡುಗನ ಕೈಗೆ ಅಂತಹ ಯಂತ್ರ ಕೊಟ್ಟರೆ ಅವನ ಜೀವಕ್ಕೇ ಅಪಾಯ. ಮೊದಲು ರಿಕವರಿ ಯಂತ್ರವನ್ನು ರಿಪೇರಿ ಮಾಡಿಸಿ, ಪಾಠ ಅಲ್ಲಿಂದಲೇ ಶುರುವಾಗಲಿ.

ಉತ್ತರ 2: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಪಾವಗಡ ತಾಲ್ಲೂಕು

ಹುಬ್ಬಳ್ಳಿಯವರ ಮಾತನ್ನು ಒಪ್ಪುತ್ತೇನೆ, ಆದರೆ ವೃತ್ತಿಯೊಳಗೆ ಮಾತ್ರ ಸಾಕೆಂಬುದನ್ನು ಒಪ್ಪಲಾರೆ. ನಮ್ಮ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ರೈತರು ಜಮೀನನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆ ನಂಬಿ ಸಾಲದಲ್ಲಿ ಬಿದ್ದಿದ್ದವರಿಗೆ ಅದು ದೊಡ್ಡ ಆಸರೆ. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಆ ಬಾಡಿಗೆ ಬರುವುದಿಲ್ಲ, ಹೊಲದ ಕೂಲಿಯೂ ಹೋಯಿತು. ಊರಿನ ಯುವಕರಿಗೆ ಹೆಚ್ಚಾಗಿ ಸಿಕ್ಕಿದ್ದು ಕಾವಲು ಕಾಯುವ, ಹುಲ್ಲು ಕತ್ತರಿಸುವ, ಪ್ಯಾನೆಲ್ ತೊಳೆಯುವ ಕೆಲಸಗಳು. ಪಾರ್ಕ್ ಬರುವ ಮೊದಲೇ ಈ ಊರುಗಳ ಹತ್ತನೇ ತರಗತಿಯ ಮಕ್ಕಳಿಗೆ ಇನ್ವರ್ಟರ್ ಎಂದರೇನು, ಟ್ರಾನ್ಸ್‌ಫಾರ್ಮರ್ ಯಾರ್ಡಿನಲ್ಲಿ ಯಾವ ಯಾವ ಕೆಲಸಗಳಿರುತ್ತವೆ ಎಂದು ಯಾರಾದರೂ ಹೇಳಿದ್ದರೆ, ಅವರಲ್ಲಿ ಕೆಲವರಾದರೂ ಆ ದಾರಿ ಹಿಡಿಯುತ್ತಿದ್ದರು. ಐಟಿಐಗೆ ಬಂದ ಮೇಲೆ ಕಲಿಸುವುದು ತಡವಾಗುತ್ತದೆಂದು ನಾನು ಹೇಳುವುದು ಈ ಕಾರಣಕ್ಕೆ.

ನಾವು ಶಾಲೆಯಲ್ಲಿ ಮಾಡುತ್ತಿರುವುದು ಸಣ್ಣ ಕೆಲಸ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ಹವಾಮಾನ ಇಲಾಖೆಯ ರೂಢಿಯಂತೆ ಬೆಳಿಗ್ಗೆ 8:30ಕ್ಕೆ ಮಳೆಯನ್ನು ಅಳೆದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆಯುತ್ತೇವೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು ಎಂದು ತಿಳಿದ ದಿನ ಮಕ್ಕಳು ಶಾಲೆಯ ತಾರಸಿಯನ್ನು ಅಳೆಯಲು ತಾವಾಗಿಯೇ ಟೇಪು ಹಿಡಿದು ಓಡಿದರು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ನಮ್ಮ ಮಳೆಯ ಪಟ್ಟಿಯಲ್ಲಿನ ಖಾಲಿ ಚೌಕಗಳನ್ನು ನೋಡಿ ಅವರು ಕೇಳಿದ ಪ್ರಶ್ನೆಗಳು ಯಾವ ಪಠ್ಯದಲ್ಲೂ ಇರಲಿಲ್ಲ. ತಮ್ಮ ಹುಡುಗರೂ ತಮ್ಮೂರಿನ ಮಳೆ ಬಿಸಿಲುಗಳ ಲೆಕ್ಕ ಬಲ್ಲವರಾಗಿರಬೇಕು, ಸರ್. ಆ ಒಂದು ಗಂಟೆಯನ್ನು ಕೈಬಿಡಬೇಡಿ.

ಉತ್ತರ 3: ಸೌರ ತಂತ್ರಜ್ಞೆ, ಹಾಸನ

ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಸೂರ್ಯಮಿತ್ರ ತರಬೇತಿಯನ್ನು ಪಡೆದವಳು ನಾನು. ಮೂರು ತಿಂಗಳ, 600 ಗಂಟೆಗಳ ವಸತಿಸಹಿತ ಉಚಿತ ತರಬೇತಿ ಅದು. ಕಲಿತದ್ದು ಚೆನ್ನಾಗಿತ್ತು, ಕೆಲಸ ಮಾತ್ರ ಬಹಳ ದಿನ ಸಿಗಲಿಲ್ಲ. ನಾನು ಮೊದಲು ಸೇರಿದ ಗುತ್ತಿಗೆದಾರರು ಹೆಣ್ಣುಮಗಳೆಂದು ನನ್ನನ್ನು ತಾರಸಿ ಹತ್ತಿಸದೆ ಕಚೇರಿಯಲ್ಲಿ ಬಿಲ್ ಬರೆಯಲು ಕೂರಿಸಿದರು. ಆರು ತಿಂಗಳಲ್ಲಿ ಕೈಗೆ ಬಂದಿದ್ದ ಕೆಲಸ ಮರೆಯುವ ಹಂತಕ್ಕೆ ಬಂತು. ಆದ್ದರಿಂದ ಯಾವುದೇ ಯೋಜನೆ ಮಾಡುವಾಗ ತರಬೇತಿ ಮುಗಿದವರು ಎಲ್ಲಿಗೆ ಹೋಗುತ್ತಾರೆಂಬ ಪ್ರಶ್ನೆಯನ್ನು ಮೊದಲು ಕೇಳಿ ಎಂದು ವಿನಂತಿಸುತ್ತೇನೆ. ಮನೆಯ ತಾರಸಿಗೆ ಸೌರ ಪ್ಯಾನೆಲ್ ಹಾಕಿಸಿಕೊಳ್ಳಲು ನೆರವಾಗುವ, 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕೋಟಿ ಮನೆಗಳ ಗುರಿಯಿದೆ, ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಈಗ ನನಗೆ ಬಿಡುವಿಲ್ಲ. ಸರಿಯಾಗಿ ಅರ್ಥಿಂಗ್ ಮಾಡಬಲ್ಲ, ನೀರಿನ ಟ್ಯಾಂಕಿನ ನೆರಳು ಮಧ್ಯಾಹ್ನ ಮೂರಕ್ಕೆ ಎಲ್ಲಿ ಬೀಳುತ್ತದೆಂದು ಬೆಳಿಗ್ಗೆಯೇ ಹೇಳಬಲ್ಲ ಜನ ಸಾಲುತ್ತಿಲ್ಲ. ಒಂದು ಪ್ಯಾನೆಲಿಗೆ ನೆರಳು ಬಿದ್ದರೆ ಅದರ ಜೊತೆ ಜೋಡಿಸಿದ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ತಮ್ಮ ಎಲೆಕ್ಟ್ರಿಷಿಯನ್ ವಿಭಾಗದವರನ್ನೂ ಇದರಲ್ಲಿ ಸೇರಿಸಿಕೊಳ್ಳಿ, ಊರಿನಲ್ಲಿ ಸೌರ ಪ್ಯಾನೆಲ್ ಅಳವಡಿಸುವವರನ್ನು ವರ್ಷದ ಆರಂಭದಲ್ಲೇ ಕರೆಸಿ ಮಾತನಾಡಿ, ಹುಡುಗಿಯರಿಗೂ ಸುರಕ್ಷತಾ ಬೆಲ್ಟ್ ತೊಡಿಸಿ ಮೇಲೆ ಹತ್ತಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ರಿಕವರಿ ಯಂತ್ರದ ದುರಸ್ತಿಗೆ ಇಂದು ಪ್ರಾಚಾರ್ಯರಿಗೆ ಟಿಪ್ಪಣಿ ಬರೆದುಕೊಟ್ಟೆ. ಗ್ಯಾಸಿನ ತೂಕ ಬರೆಯಲು ಕಾರ್ಯಾಗಾರದಲ್ಲಿ ಒಂದು ರಿಜಿಸ್ಟರ್ ತೆರೆದಿದ್ದೇನೆ. ಮೊದಲ ಸಾಲಿನಲ್ಲಿ ಅಂದು ಕಿಟಕಿಯಿಂದ ಹೋದ ಗ್ಯಾಸನ್ನು ಅಂದಾಜಿನಿಂದ ಬರೆದು, ಅದರ ಎದುರು ನನ್ನ ಸಹಿ ಹಾಕಿದ್ದೇನೆ. ವಾರದ ಆ ಒಂದು ಗಂಟೆಯನ್ನು ಮಳೆ ಮತ್ತು ಉಷ್ಣತೆಯ ದಾಖಲೆಗೆ ಇಡುತ್ತೇನೆ. ಪಾವಗಡದ ಮೇಡಂ, ಡಬ್ಬಿಯನ್ನು ಕಟ್ಟಡದಿಂದ ಎಷ್ಟು ದೂರದಲ್ಲಿ ಇಟ್ಟಿದ್ದೀರಿ ಎಂದು ತಿಳಿಸುವಿರಾ? ನಮ್ಮ ಆವರಣ ಚಿಕ್ಕದು.